ಇತರೆ ಪ್ರಾಣಿ ಸಾಕಣೆ

ಇಪ್ಪತ್ತೆರಡು ವರ್ಷ ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಎದುರು
ಊರವರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟವಳು ನಾನು.
ಕೋವಿ ಪರವಾನಗಿ, ವಿಧವಾ ವೇತನ, ಪಹಣಿ ತಿದ್ದುಪಡಿ.
ಜೆರಾಕ್ಸ್ ಒಂದಕ್ಕೆ ಎರಡು ರೂಪಾಯಿ, ಬುದ್ಧಿಮಾತು ಬಿಟ್ಟಿ:
ಯಾವ ಕಾಲಮ್ಮೂ ಖಾಲಿ ಬಿಡಬೇಡಿ,
ಒಂದು ಗೆರೆಯನ್ನಾದರೂ ಎಳೆಯಿರಿ.

ಇವತ್ತು ಕೊನೆಯ ಗಿರಾಕಿ ಹೋದ ಮೇಲೆ
ಶಟರ್ ಅರ್ಧ ಇಳಿಸಿ
ನನ್ನದೇ ಅರ್ಜಿಗೆ ಕೂತಿದ್ದೇನೆ.

ಉದ್ದಿಮೆಯ ಹೆಸರು?
ಮನೆತನದ ಹೆಸರು ಹಾಕಬಾರದೆಂದು
ಅತ್ತೆ ಊಟದ ಹೊತ್ತಿಗೇ ಹೇಳಿಯಾಗಿದೆ.
ಹಲ್ಲಿ ಮಾರುವವರ ಮನೆಗೆ ಹೆಣ್ಣು ಕೊಡುವವರು ಯಾರು?
ಮದುವೆಗಿರುವ ಗಂಡು ನಮ್ಮಲ್ಲಿ ಯಾರೂ ಇಲ್ಲ,
ಆದರೂ ಮಾತು ಮಾತೇ.
ದಮಯಂತಿ ಎಂದಷ್ಟೇ ಬರೆದೆ.

ಚಟುವಟಿಕೆ?
ಕೆಳಕ್ಕೆ ಜಾರುವ ಪಟ್ಟಿಯಲ್ಲಿ ಕೋಳಿ ಉಂಟು, ಹಂದಿ ಉಂಟು,
ಜೇನು, ಮೊಲ, ರೇಷ್ಮೆಹುಳ,
ಮಡಗಾಸ್ಕರಿನ ಹಸಿರು ಹಗಲುಹಲ್ಲಿ ಇಲ್ಲ.
ಇತರೆ ಪ್ರಾಣಿ ಸಾಕಣೆ ಎಂಬಲ್ಲಿ ಬೆರಳಿಟ್ಟೆ.
ಸರಕಾರದ ಮನೆಗೂ ಒಂದು ಅಟ್ಟ ಉಂಟು,
ಎಲ್ಲಿಯೂ ಸಲ್ಲದ್ದನ್ನು ಇಡಲಿಕ್ಕೆ.

ಆರಂಭದ ದಿನಾಂಕ?
ಇಲ್ಲಿ ತಡೆದೆ.
ವರ್ಗವಾದ ಬ್ಯಾಂಕ್ ಮ್ಯಾನೇಜರರ ಮಗಳು
ಅಳುತ್ತ ಗಾಜಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟ ದಿನವೋ?
ಒಂದು ಜೋಡಿ, ಬೆನ್ನಿಗೆ ಕುಂಕುಮ ಸಿಡಿದಂತೆ,
ರೆಪ್ಪೆಯಿಲ್ಲದ ಕಣ್ಣನ್ನು ನಾಲಿಗೆಯಲ್ಲೇ ಒರೆಸಿಕೊಳ್ಳುವಂಥವು.
ಬಿದಿರ ಬೊಂಬಿನೊಳಗೆ ಅವಳಿ ಮೊಟ್ಟೆ ಕಂಡ ದಿನವೋ,
ಬಿಡಿಸಲು ಹೋಗಿ ಒಂದನ್ನು ಒಡೆದ ದಿನವೋ?
ಮೈಸೂರಿನವನೊಬ್ಬ ಎರಡು ಮರಿಗೆಂದು ನೋಟು ಎಣಿಸಿ
ಕಾಗದ ಉಂಟಾ ಅಕ್ಕಾ ಎಂದು ಕೇಳಿ
ಅದೇ ನೋಟನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ ದಿನವನ್ನು ಬರೆದೆ.
ಊರಿಗೆಲ್ಲ ಕಾಗದ ಮಾಡಿಸಿಕೊಟ್ಟವಳಲ್ಲಿ
ಅವತ್ತು ಒಂದು ಚೀಟಿಯೂ ಇರಲಿಲ್ಲ.

ಫಾರೆಸ್ಟರ್ ಚಿಣ್ಣಪ್ಪ ಹೋದ ವಾರ ತಪಾಸಣೆಗೆ ಬಂದಿದ್ದರು,
ಆನೆ ಓಡಿಸಿ ಓಡಿಸಿ ಗಂಟಲು ಕಟ್ಟಿದ ಮನುಷ್ಯ.
ನಮ್ಮ ಕಾಡಿನದ್ದಲ್ಲ ತಾನೇ?
ಅಲ್ಲ ಸರ್, ಸಮುದ್ರದಾಚೆಯದ್ದು.
ಮುಟ್ಟಬಹುದಾ?
ಬೇಡ, ಚರ್ಮ ಕೈಗೇ ಬರುತ್ತದೆ.
ಅವರು ಕೈ ಹಿಂದೆ ಕಟ್ಟಿಕೊಂಡು
ಗರ್ಭಗುಡಿ ನೋಡುವವರ ಹಾಗೆ ನಿಂತರು.
ಆಮೇಲೆ ನಮೂನೆ ತೆಗೆದು: ಗಂಡೆಷ್ಟು, ಹೆಣ್ಣೆಷ್ಟು?

ದೊಡ್ಡವು ಸರಿ. ಮರಿಗಳು ಏಳು.
ಅವಕ್ಕೆ ಮೊಟ್ಟೆಯ ಕಾವೇ ಎಲ್ಲ ನಿಶ್ಚಯಿಸುವುದು,
ಒಂದೆರಡು ಡಿಗ್ರಿ ಏರಿದರೆ ಗಂಡು, ಇಳಿದರೆ ಹೆಣ್ಣು.
ಜನವರಿಯಲ್ಲಿ ನಾಲ್ಕು ರಾತ್ರಿ ಲೈನ್ ಹೋಗಿತ್ತು.
ಥರ್ಮೋಕೋಲ್ ಪೆಟ್ಟಿಗೆಗೆ ಅತ್ತೆಯ ಕಂಬಳಿ ಹೊದೆಸಿ
ಬಿಸಿನೀರ ಬಾಟಲಿ ಬದಲಿಸುತ್ತ ಕೂತಿದ್ದೆ,
ಎರಡು ಗಂಟೆಗೊಮ್ಮೆ ಅಲಾರಂ.
ಮೂರನೆಯ ರಾತ್ರಿ ನಿದ್ದೆ ಹೋದೆ.
ನನ್ನ ಆ ನಿದ್ದೆಗೆ ಹುಟ್ಟಿದ ಹೆಣ್ಣುಗಳೆಷ್ಟೋ,
ಎಂಟು ತಿಂಗಳು ಕಾಯದೆ ತಿಳಿಯದು.

ಖಾಲಿ ಬಿಡುವ ಹಾಗಿಲ್ಲ, ಎಂದರು ಚಿಣ್ಣಪ್ಪ,
ನನ್ನ ಮಾತನ್ನೇ ನನಗೆ, ನನ್ನದೇ ಪೆನ್ನು ಹಿಡಿದು.
ತಿಳಿಯದು ಎಂದೇ ಬರೆಯಿರಿ, ಅಂದೆ.
ಬರೆದರು, ಏಳು ಸಲ.

ಹೊಸ ರಿಜಿಸ್ಟರ್ ಕೊಂಡಿದ್ದೇನೆ, ಕೆಂಪು ಬೆನ್ನಿನದು.
ಪಚ್ಚಬಾಳೆ, ಚಿಮ್ಮಂಡೆಗಳಿಗೆ ತೌಡು, ಇನ್ವರ್ಟರಿನ ಕಂತು.
ಮೊನ್ನೆ ಬೆದರಿ ಕಳಚಿಟ್ಟ ಒಂದು ಬಾಲವನ್ನು
ನಷ್ಟದ ಪುಟಕ್ಕೆ ಬರೆಯಲೇ?
ಅದು ಮತ್ತೆ ಬೆಳೆಯುತ್ತದೆ,
ಮೊದಲಿನಷ್ಟು ಚಂದ ಇರುವುದಿಲ್ಲ.
ಅಂಥದ್ದಕ್ಕೆ ಲೆಕ್ಕದವರು ಏನೆನ್ನುತ್ತಾರೆ?

ಒತ್ತಿದೆ. ಪರದೆ ಸುತ್ತಿತು, ಸುತ್ತಿತು,
ಉದ್ದದ ಒಂದು ಸಂಖ್ಯೆ ಬಂತು.
ನನ್ನ ಮೆಶಿನ್ನಿನಲ್ಲೇ ಪ್ರಿಂಟ್, ನನ್ನ ರೋಲರಿನಲ್ಲೇ ಲ್ಯಾಮಿನೇಶನ್.
ಇಪ್ಪತ್ತೆರಡು ರೂಪಾಯಿ ಗಲ್ಲಾಕ್ಕೆ ಹಾಕಿ
ಬಾಗಿಲು ಹಾಕಿದೆ.

ಮನೆಯ ಗೋಡೆಗೆ ಮೊಳೆ ಹೊಡೆಯುವಾಗ
ಟ್ಯೂಬ್‌ಲೈಟಿನ ಹಿಂದಿನಿಂದ ಇಳಿದು ಬಂತು ನಮ್ಮ ಹಳೆಯ ಹಲ್ಲಿ,
ಬೂದಿ ಬಣ್ಣದ್ದು, ಯಾವ ಪಟ್ಟಿಯಲ್ಲೂ ಇಲ್ಲದ್ದು.
ಮುದ್ರೆಯ ಮೇಲೆ ಕಾಲೂರಿ
ಲೊಚ್ ಲೊಚ್ ಅಂತು.

ಅತ್ತೆ ಅಕ್ಕಿ ಆರಿಸುವುದು ಬಿಟ್ಟು
ನೆಲಕ್ಕೆ ಬೆರಳು ತಟ್ಟಿ ಕೃಷ್ಣ ಕೃಷ್ಣ ಎಂದರು.
ಆಮೇಲೆ ತಲೆ ಎತ್ತದೆ:
ಆ ಕಂಬಳಿ ತೊಳೆಯಬೇಡ.
ಮೊಟ್ಟೆ ಇನ್ನೂ ಉಂಟಲ್ಲ.